ಮಳೆಗೆ ಮುಂಚೆ ಹಣ್ಣಾದ ಮರ

ಮುರುಗಲ ಹಣ್ಣಿಗೆ, ಕೆಲವು ಕಡೆ ಪುನರ್ಪುಳಿ ಎನ್ನುವ ಈ ಹುಳಿಹಣ್ಣಿಗೆ, ಒಂದು ಕೆಟ್ಟ ಗ್ರಹಚಾರವಿದೆ. ಅದು ಕೆಂಪಾಗುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯುತ್ತದೆ. ಭಟ್ಕಳದಿಂದ ಕುಮಟಾದವರೆಗೆ ಯಾವ ಹಿತ್ತಲಿಗೆ ಹೋಗಿ ಕೇಳಿದರೂ ಇದೇ ದೂರು. ಮೇ ತಿಂಗಳ ಕೊನೆಗೆ ಮರ ತುಂಬ ಹಣ್ಣು, ಜೂನ್ ಬಂತೆಂದರೆ ನೆಲ ತುಂಬ ಕೊಳೆ. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಬೇಕು. ಅದಕ್ಕೆ ಗಟ್ಟಿ ಬಿಸಿಲು ಬೇಕು. ಮೋಡ ಮುಚ್ಚಿಕೊಂಡು ಕೂತರೆ ಚಾಪೆಯ ಮೇಲಿನ ಸಿಪ್ಪೆಗೆಲ್ಲ ಬೂಷ್ಟು. ಹಾಗಾಗಿ ಮೊದಲ ಮಳೆ ಬಿದ್ದ ದಿನ ಮನೆಮನೆಯಲ್ಲೂ ಅವಸರ. ಇದ್ದಷ್ಟನ್ನು ಇಳಿಸಿಬಿಡೋಣವೆಂದು ಒದ್ದೆ ಮರವನ್ನೇ ಹತ್ತುತ್ತಾರೆ. ಮುರುಗಲ ಮರ ನೆಟ್ಟಗೆ ಮೇಲೆ ಹೋಗುವಂಥದ್ದು. ಕೊಂಬೆಗಳು ಸಪೂರ, ಕೆಳಗೆ ಬಾಗಿದವು. ನೆನೆದ ತೊಗಟೆ ಪಾಚಿ ಕಟ್ಟಿದ ಕಲ್ಲಿನ ಹಾಗೆ ಜಾರುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಕುಮಟಾದ ಹತ್ತಿರದ ಒಂದು ಹಣ್ಣಿನ ಗಿಡಗಳ ಸಂಶೋಧನಾ ನರ್ಸರಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನಗೆ ವಹಿಸಿದ ಕೆಲಸ ಇದೇ. ಮಳೆಗೆ ಮುಂಚೆ ಹಣ್ಣಾಗುವ, ಫಸಲೂ ಚೆನ್ನಾಗಿ ಕೊಡುವ ಮುರುಗಲ ಮರ ಎಲ್ಲಾದರೂ ಇದೆಯೇ ಎಂದು ಹುಡುಕುವುದು, ಸಿಕ್ಕರೆ ಅದರಿಂದ ತಳಿ ಎಬ್ಬಿಸುವುದು.

ನಮ್ಮ ಮುಖ್ಯಸ್ಥರು ಬೆಳಗಾವಿ ಕಡೆಯವರು. ಅದಕ್ಕೆ ಮೊದಲು ಮಹಾರಾಷ್ಟ್ರದ ಗುಡ್ಡಗಾಡಿನಲ್ಲಿ ಸ್ಟ್ರಾಬೆರಿ ತಳಿಗಳ ಮೇಲೆ ಬಹಳ ಕಾಲ ದುಡಿದಿದ್ದರು. ಸ್ಟ್ರಾಬೆರಿಯ ಮಾತು ಬಂದರೆ ಅವರ ಮುಖ ಅರಳುತ್ತಿತ್ತು. ಬೇಗ ಹಣ್ಣಾಗುವ ಗಿಡದ ಪರಾಗ ತಂದು ಹೆಚ್ಚು ಫಸಲಿನ ಗಿಡದ ಹೂವಿಗೆ ಮುಟ್ಟಿಸಿದರೆ, ಮುಂದಿನ ಚಳಿಗಾಲಕ್ಕೇ ಆ ಬೀಜದಿಂದ ಹುಟ್ಟಿದ ಮಗಳು ಗಿಡದ ಹಣ್ಣು ಕೈಯಲ್ಲಿರುತ್ತದೆ. ಒಳ್ಳೆಯ ಗಿಡ ಬಂದರೆ ಅದೇ ಬಳ್ಳಿ ಚಾಚಿ ತನ್ನಂಥದ್ದೇ ಮರಿಗಳನ್ನು ಇಡುತ್ತ ಹೋಗುತ್ತದೆ. "ಮುರುಗಲು ಹಾಗಲ್ರೀ" ಎನ್ನುತ್ತಿದ್ದರು. "ಬೀಜ ಹಾಕಿ ಏಳೆಂಟು ವರ್ಷ ಕಾಯಬೇಕು. ಹೂ ಬಿಟ್ಟಾಗ ನೋಡಿದ್ರೆ ಅರ್ಧ ಗಂಡು ಗಿಡ. ಅದಕ್ಕೇ ದೇವರು ಈಗಾಗ್ಲೇ ಮಾಡಿಟ್ಟ ಮರ ಹುಡುಕಿ, ಕಸಿ ಕಟ್ಟಿ."

ಹೀಗೆ ನನ್ನ ಮೊದಲ ಬೇಸಿಗೆಗಳು ಬಸ್ಸಿನಲ್ಲೇ ಕಳೆದವು. ಹೊನ್ನಾವರದ ಸಂತೆಯಲ್ಲಿ, ಮಾವಳ್ಳಿಯ ಮೀನುಪೇಟೆಯ ಬಾಯಲ್ಲಿ ನಿಂತು, ಯಾರ ಮನೆಯ ಮುರುಗಲು ಬೇಗ ಹಣ್ಣಾಗುತ್ತದೆ ಎಂದು ಕೇಳುತ್ತಿದ್ದೆ. ಎಲ್ಲರ ಮನೆಯದ್ದೂ ಬೇಗವೇ. ಹೋಗಿ ನೋಡಿದರೆ ಏಪ್ರಿಲ್ ಮುಗಿದರೂ ಹಸಿರು ಕಾಯಿ. ಮಾವಳ್ಳಿಯ ಒಂದು ಹಿತ್ತಲಿನಲ್ಲಿ ಮಾತ್ರ ಉಳಿದವಕ್ಕಿಂತ ತುಸು ಮುಂದೆ ಓಡುವ ಒಂದು ಮರ ಸಿಕ್ಕಿತು. ಫಸಲು ವಿಪರೀತ. ಆದರೆ ಆ ತುಸು ಸಾಕಾಗುತ್ತಿರಲಿಲ್ಲ. ಮಳೆ ಒಂದು ವಾರ ಮೊದಲೇ ಬಂದರೆ ಆ ಮರಕ್ಕೂ ಅದೇ ಗತಿ.

ಭಟ್ಕಳದ ಹತ್ತಿರದ ಮುಟ್ಟಳ್ಳಿಗೆ ಹೋದದ್ದು ಇಂಥದ್ದೇ ಒಂದು ಸುದ್ದಿ ಹಿಡಿದು. ಮರ ತೋರಿಸುತ್ತೇನೆಂದು ಕರೆದಿದ್ದ ರೈತರೊಬ್ಬರು ಮರ ತೋರಿಸಿದರು. ಕಾಯಿ ಹಸಿರಾಗಿಯೇ ಇತ್ತು. ಮಜ್ಜಿಗೆ ಕುಡಿದು ಗದ್ದೆ ಬದುವಿನ ಹಾಳಿಯ ಮೇಲೆ ಬಸ್ಸಿನ ದಾರಿ ಹಿಡಿದಿದ್ದೆ. ಆ ರೈತರೂ ದಾಟಿಸಿಬಿಡಲು ಜೊತೆಗೆ ಬಂದಿದ್ದರು. ಒಂದು ತೆಂಗಿನ ಬುಡದಲ್ಲಿ ನನ್ನ ಕಾಲಿಗೆ ಬೀಜಗಳು ಸಿಕ್ಕವು. ಬಾವಲಿ ಚೀಪಿ ಉಗಿದ ಮುರುಗಲ ಬೀಜ, ಇನ್ನೂ ಕೆಂಪು ತಿರುಳು ಅಂಟಿಕೊಂಡಿತ್ತು. ಏಪ್ರಿಲ್ ನಡುವಿನಲ್ಲಿ ಪೂರ್ತಿ ಹಣ್ಣಾದ ಮುರುಗಲು! ಬಗ್ಗಿ ಹೆಕ್ಕಿಕೊಂಡೆ.

"ಇದು ಯಾವ ಮರದ್ದು?" ಎಂದು ಕೇಳಿದೆ.

ಅವರು ಬೀಜ ನೋಡಿದರು, ಕೈಗೆ ತೆಗೆದುಕೊಳ್ಳಲಿಲ್ಲ. "ಅದೆ ಒಂದು ಮರ, ಆ ಮೂಲೆಮನೇಲಿ. ಅದು ಬೇಡ ಬಿಡಿ ಮೇಡಮ್" ಎಂದರು.

"ಎಂತಕ್ಕೆ ಬೇಡ?"

"ಯಾರೂ ತಿಂಬೂದಿಲ್ಲ ಅದ್ರ ಹಣ್ಣು." ಅಷ್ಟು ಹೇಳಿ ಅವರು ಹಾಳಿಯ ಮೇಲೆ ಮುಂದೆ ನಡೆದರು. ನಾನು ಬಿಡಲಿಲ್ಲ. ಅವರು ತಮ್ಮ ಗದ್ದೆಯ ಗಡಿಯಲ್ಲೇ ನಿಂತು, ಮೂಲೆಮನೆಯ ಬೇಲಿಬಾಗಿಲಿನ ದಣಪೆಯನ್ನು ಕೈಮಾಡಿ ತೋರಿಸಿ ಹಿಂದೆ ಹೋದರು.

ಮನೆಯ ಜಗಲಿಯಲ್ಲಿ ಒಬ್ಬ ಗಂಡಸು ಮರಕ್ಕೆ ಬೆನ್ನು ಹಾಕಿ ಕುಳಿತು ತೆಂಗಿನಕಾಯಿ ಸುಲಿಯುತ್ತಿದ್ದರು. ಮರ ನೋಡಬಹುದೇ ಎಂದು ಕೇಳಿದ್ದಕ್ಕೆ ತಲೆಯೆತ್ತಿ ನೋಡಿ, ಮತ್ತೆ ಸುಲಿಯತೊಡಗಿದರು. ಅಡ್ಡಿ ಇಲ್ಲ ಎಂದುಕೊಂಡು ಅಂಗಳ ದಾಟಿ ಹಿತ್ತಲಿಗೆ ಹೋದೆ. ಮರದ ಬುಡದ ನೆಲ ಗುಡಿಸಿ ಚೊಕ್ಕಟವಾಗಿತ್ತು. ಆದರೆ ಮಣ್ಣಿಗೇ ಬಣ್ಣ ಇಳಿದು ಕೆಂಪಗಾಗಿತ್ತು. ಮೇಲೆ ನೋಡಿದರೆ ಒಂದು ಮಗ್ಗುಲ ಕೊಂಬೆಗಳ ತುಂಬ ಕಪ್ಪುಗೆಂಪು ಹಣ್ಣು. ತಾಗುವ ಎತ್ತರದಲ್ಲಿದ್ದ ಒಂದು ಕೊಂಬೆಗೆ ಕೈ ಎತ್ತಿದೆ.

ಹಿಂದಿನಿಂದ ಒಂದು ಕೂಗು ಬಂತು. "ಇಳಿ! ಇಳಿ ಕೆಳಗೆ!"

ನಾನು ನೆಲದ ಮೇಲೇ ನಿಂತಿದ್ದೆ. ತಿರುಗಿ ನೋಡಿದರೆ ಬಾವಿಕಟ್ಟೆಯ ಹತ್ತಿರ ಒಬ್ಬ ಹೆಂಗಸು, ಕೈಯಲ್ಲಿದ್ದ ಕೊಡ ಕೆಳಗೆ ಬಿದ್ದು ನೀರು ಹರಿಯುತ್ತಿತ್ತು. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನನ್ನ ತಲೆಯಿಂದ ಎಷ್ಟೋ ಮೇಲಿತ್ತು. ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗಿಲ್ಲ ಎನ್ನುವಂತೆ, "ಯಾರು ನೀವು? ಎಂತ ಬೇಕಾಗಿತ್ತು?" ಎಂದು ಕೇಳಿದರು.

ಆ ದಿನ ಅವರು ಹೆಚ್ಚು ಹೇಳಲಿಲ್ಲ. ನೀರು ಬೆಲ್ಲ ಕೊಟ್ಟರು. ನಾನು ಮತ್ತೆ ಹೋದೆ, ಮತ್ತೆ ಹೋದೆ. ಆ ಬೇಸಿಗೆ ಮುಗಿಯುವುದರೊಳಗೆ ಅವರು ನನ್ನನ್ನು ಮೇಡಮ್ ಎನ್ನುವುದನ್ನು ಬಿಟ್ಟು "ಮಗಾ" ಎನ್ನತೊಡಗಿದ್ದರು. ನಾನು ಅಮ್ಮ ಎನ್ನುತ್ತಿದ್ದೆ. ವಿಷಯ ಗೊತ್ತಾದದ್ದು ಹಾಗೆ, ತುಂಡು ತುಂಡಾಗಿ.

ಅವರಿಗೆ ಒಬ್ಬಳೇ ಮಗಳು. ಮರ ಹತ್ತುವುದರಲ್ಲಿ ಊರಿನ ಗಂಡುಹುಡುಗರಿಗಿಂತ ಮುಂದು. ಆಗ ಆ ಮರವೂ ಎಲ್ಲ ಮರಗಳಂತೆ ಮಳೆ ಬರುವಾಗಲೇ ಹಣ್ಣಾಗುತ್ತಿತ್ತು. ಒಂದು ವರ್ಷ, ಮೊದಲ ಮಳೆ ಹನಿದು ನಿಂತ ಬೆಳಿಗ್ಗೆ, ಉಳಿದ ಹಣ್ಣು ಕೊಳೆತು ಹೋಗುತ್ತದೆಂದು ಅವಳು ಮರ ಹತ್ತಿದಳು. ತುದಿಯವರೆಗೂ ಹೋದಳು, ಅಲ್ಲಿಂದ ಜಾರಿ ಬಿದ್ದಳು. ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

"ಹತ್ತು ಅಂದದ್ದು ನಾನೇ" ಎಂದರು ಅಮ್ಮ. ಅಕ್ಕಿ ಆರಿಸುತ್ತಿದ್ದ ಅವರ ಕೈ ನಿಲ್ಲಲಿಲ್ಲ. "ಒಂದು ಬುಟ್ಟಿ ಆಗೂಷ್ಟು ಅದೆ, ಇಳಿಸಿಬಿಡು ಅಂದೆ. ಅವ್ಳು ‘ಮರ ಒದ್ದೆ ಅದ್ಯಲೇ ಅಮ್ಮ’ ಅಂದ್ಳು. ಹಂಗಂದೂ ಹತ್ತಿದ್ಳು."

ಮೂರನೆಯ ದಿನ ಗಂಡ ಕೊಡಲಿ ತೆಗೆದುಕೊಂಡು ಮರದ ಬುಡಕ್ಕೆ ಬಂದರಂತೆ. ಒಂದು ಮಗ್ಗುಲಿನಿಂದ ಕಡಿಯಲು ಶುರುಮಾಡಿದರು. ಇವರು ಓಡಿಹೋಗಿ ಮರವನ್ನು ತಬ್ಬಿಕೊಂಡು ನಿಂತರು. ಗಂಡ ಕೊಡಲಿ ಅಲ್ಲೇ ಬಿಟ್ಟು ಹೋದರು. ಅವತ್ತಿನಿಂದ ಅವರು ಆ ಮರದ ಕಡೆ ಮುಖ ಮಾಡಿ ಕುಳಿತದ್ದಿಲ್ಲ.

"ಮುಂದಿನ ವರ್ಷ ನೋಡಿದ್ರೆ ಮಳೆ ಬರೂಕೆ ಎಷ್ಟೋ ಮೊದ್ಲೇ ಹಣ್ಣಾತು" ಎಂದರು ಅಮ್ಮ. "ಅಲ್ಲಿಂದ ಮತ್ತೆ ಎಲ್ಲಾ ವರ್ಷ ಹಂಗೇ. ಯಾರೂ ಮಳೇಲಿ ಹತ್ತೂದು ಬೇಡ ಅಂತ ಅವ್ಳೇ ಮಾಡ್ತಾಳೆ ಮಗಾ. ಹಣ್ಣು ತಾನಾಗೇ ಬೀಳ್ತದೆ. ನಾ ಗುಡಿಸಿ ಹೊಂಡಕ್ಕೆ ಹಾಕ್ತೆ. ಮಾರೂಕೂ ಮನಸ್ಸಿಲ್ಲ, ತಿಂಬೂಕೂ ಮನಸ್ಸಿಲ್ಲ."

ಅವರ ಮಾತಿನ ನಡುವೆಯೂ ಹಿತ್ತಲಿನಿಂದ ಆ ಸದ್ದು ಬರುತ್ತಿತ್ತು. ಹಣ್ಣು ಗುಡಿಸಿದ ನೆಲಕ್ಕೆ ಬೀಳುವ, ಮೆತ್ತಗಿನ, ಒಂದೇ ಒಂದು ಬಡಿತ. ಪ್ರತಿ ಸಲವೂ ಜಗಲಿಯಲ್ಲಿ ಕಾಯಿ ಸುಲಿಯುವವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಕೇಳಿದ್ದನ್ನು ಹೊತ್ತುಕೊಂಡು ನಾನು ಕುಮಟಾಕ್ಕೆ ಬಂದೆ. ನಂಬಿದೆನೆಂದೂ ಹೇಳಲಾರೆ, ಇಲ್ಲವೆಂದೂ ಹೇಳಲಾರೆ. ಬಸ್ಸು ಶರಾವತಿ ಸೇತುವೆ ದಾಟುವಾಗ ಮಡಿಲಲ್ಲಿದ್ದ ಚೀಲದಿಂದ ಹಣ್ಣಿನ ಹುಳಿ ವಾಸನೆ ಬರುತ್ತಿತ್ತು. ತೂಕ ನೋಡಲು ಅಮ್ಮನ ಒಪ್ಪಿಗೆ ಪಡೆದು ತಂದ ಹಣ್ಣು. ಪಕ್ಕದ ಸೀಟಿನವರು ಒಂದು ಕೇಳಿದರು. ನನಗೆ ಕೊಡಲಾಗಲಿಲ್ಲ.

ಮುಖ್ಯಸ್ಥರಿಗೆ ಹಣ್ಣು ತೋರಿಸಿದಾಗ ಅವರು ಕುರ್ಚಿಯಿಂದ ಎದ್ದೇ ನಿಂತರು. ಮಗಳ ಕಥೆಯನ್ನು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊಡಲಿಯ ವಿಷಯ ಬಂದಾಗ ಮಾತ್ರ ತಲೆಯೆತ್ತಿದರು. "ಗಾಯ ಎಷ್ಟು ಆಳ ಅದ? ಯಾವ ಮಗ್ಗುಲು?"

ಆ ಪ್ರಶ್ನೆ ನನ್ನ ತಲೆಯೊಳಗೂ ಇತ್ತು. ಮರದ ತೊಗಟೆಯನ್ನು ಸುತ್ತ ಕೆತ್ತಿದರೆ ಎಲೆಯಲ್ಲಿ ಆದ ಆಹಾರ ಬೇರಿಗೆ ಇಳಿಯದೆ ಮೇಲೆಯೇ ಉಳಿಯುತ್ತದೆ. ಆಗ ಹಣ್ಣು ಬೇಗ ಬರುತ್ತದೆ. ದ್ರಾಕ್ಷಿಯವರು ಬೇಕೆಂದೇ ಸಣ್ಣಗೆ ಹೀಗೆ ಮಾಡುವುದುಂಟು. ಮುಟ್ಟಳ್ಳಿಯ ಮರದ ಗಾಯ ಮೊಣಕಾಲಿನೆತ್ತರದಲ್ಲಿತ್ತು. ಕಾಂಡದ ಅರ್ಧ ಸುತ್ತಿಗೂ ಮೀರಿ ಬಾಯಿ ತೆರೆದುಕೊಂಡಿತ್ತು. ಅಂಚುಗಳು ಉಬ್ಬಿ ತುಟಿಗಳಂತಾಗಿದ್ದವು, ಆದರೆ ಮುಚ್ಚಿರಲಿಲ್ಲ. ಒಳಗೆ ಕಟ್ಟಿಗೆ ಮೆತ್ತಗಾಗಿತ್ತು, ಇರುವೆ ಗೂಡು ಕಟ್ಟಿತ್ತು.

ಮರ ಹುಟ್ಟಿನಿಂದಲೇ ಬೇಗ ಹಣ್ಣಾಗುವ ಗುಣದ್ದೋ, ಗಾಯದಿಂದ ಹೀಗಾಯಿತೋ? ಗುಣವಾದರೆ ಕಸಿಯಲ್ಲಿ ಬರುತ್ತದೆ. ಗಾಯವಾದರೆ ಬರುವುದಿಲ್ಲ. ಕಸಿ ಕಟ್ಟಿ, ಅದು ದೊಡ್ಡದಾಗಿ, ಕಾಯಿ ಬಿಡುವವರೆಗೆ ಇದಕ್ಕೆ ಉತ್ತರವಿಲ್ಲ.

ಅದಕ್ಕೂ ಮುಂಚೆ ಮರದಿಂದಲೇ ಏನಾದರೂ ತಿಳಿಯಬಹುದೆಂದು, ಹೂ ಬಿಡುವ ಚಳಿಗಾಲದಲ್ಲಿ ಹೋಗಿ ಸುತ್ತಲಿನ ಕೊಂಬೆಗಳಿಗೆಲ್ಲ ಬಣ್ಣದ ದಾರ ಕಟ್ಟಿದೆ. ಗಾಯದ ಮಗ್ಗುಲಿಗೆ ಕೆಂಪು, ಇನ್ನೊಂದು ಮಗ್ಗುಲಿಗೆ ಬಿಳಿ. ಹೂ ಎಲ್ಲ ಮರಗಳ ಜೊತೆಗೇ ಬಿಟ್ಟಿತು, ಎರಡೂ ಮಗ್ಗುಲಲ್ಲಿ ಒಟ್ಟಿಗೇ. ಏಪ್ರಿಲ್‌ನಲ್ಲಿ ಹೋಗಿ ನೋಡಿದೆ. ಕೆಂಪು ದಾರದ ಕೊಂಬೆಗಳಲ್ಲಿ ಹಣ್ಣು ಕಪ್ಪಾಗಿ ಉದುರುತ್ತಿತ್ತು. ಬಿಳಿ ದಾರದ ಕೊಂಬೆಗಳಲ್ಲಿ ಕಾಯಿ ಇನ್ನೂ ಅರ್ಧ ಹಸಿರು.

ದಾರ ಕಟ್ಟಿದಾಗ ಅಮ್ಮ ಪಕ್ಕದಲ್ಲೇ ಇದ್ದರು. "ಇದೆಂತಕ್ಕೆ, ಹರಕೆಯಾ?" ಎಂದು ಕೇಳಿದ್ದರು. ನಾನು ನಕ್ಕಿದ್ದೆ. ಈಗ ಆ ದಾರಗಳ ಕೆಳಗೆ ನಿಂತಾಗ ನಗು ಬರಲಿಲ್ಲ. ಅವಳು ಬಿದ್ದದ್ದು ಯಾವ ಮಗ್ಗುಲಿಗೆ ಎಂದು ನಾನು ಕೇಳಿರಲಿಲ್ಲ. ಅಮ್ಮ ತಾವಾಗಿಯೇ ಕೆಂಪು ದಾರದ ಕೊಂಬೆಗಳ ಕೆಳಗಿನ ನೆಲ ತೋರಿಸಿ, "ಇಲ್ಲೇ" ಎಂದರು.

ಕೊಡಲಿ ಹಿಡಿದು ಬಂದ ತಂದೆ ಆ ಜಾಗದಲ್ಲಿ ನಿಂತೇ ಬೀಸಿರಬೇಕು. ಗಾಯವೂ ಆ ಮಗ್ಗುಲಿಗೇ ಆಯಿತು. ಲೆಕ್ಕಕ್ಕೆ ಎಲ್ಲ ಸರಿಹೊಂದುತ್ತದೆ. ಹೊಂದಿತೆಂದು ನನಗೆ ಸಮಾಧಾನವಾಗಲಿಲ್ಲ. ಆ ವರ್ಷ ಬೇರೆ ಊರುಗಳಲ್ಲಿ ಬೇರೆ ಮರಗಳ ಕೆಳಗೆ ನಿಂತಾಗಲೂ ನಾನು ಮೊದಲು ಮೇಲೆ ನೋಡುತ್ತಿದ್ದೆ, ಯಾರಾದರೂ ಇದ್ದಾರೋ ಎಂದು.

"ಇದು ಗಾಯದ ಮರ. ಪಟ್ಟಿಯಿಂದ ಬಿಡ್ರಿ" ಎಂದರು ಮುಖ್ಯಸ್ಥರು. "ಮಾವಳ್ಳಿ ಮರ ಹಿಡೀರಿ. ತುಸು ಬೇಗ, ಫಸಲು ಭರ್ಜರಿ. ಅಷ್ಟು ಸಾಕು."

"ಒಂದು ಸಲ ಕಸಿ ಕಟ್ಟಿ ನೋಡ್ತೇನೆ ಸರ್. ಗಾಯದ ಜೊತೆಗೆ ಗುಣವೂ ಸ್ವಲ್ಪ ಇದ್ದರೆ?"

"ಆಯ್ತು. ಆದ್ರ ಒಂದು. ಕಸಿಕಡ್ಡಿ ಮರದ ತುದಿಯಿಂದ ತರಬೇಕು, ನೆಟ್ಟಗೆ ಮೇಲೆ ಬೆಳೆಯೋ ಚಿಗುರು. ಮಗ್ಗುಲ ಕೊಂಬೆಯಿಂದ ತಂದ್ರ ಕಸಿ ಗಿಡ ಮೇಲೇಳೂದಿಲ್ಲ, ನೆಲದ ಮ್ಯಾಲೆ ಹರೀತದ. ಅಂಥಾದ್ದು ನನಗ ಬ್ಯಾಡ."

ಮುರುಗಲಿನ ಸ್ವಭಾವವೇ ಅದು. ನಡುಕಾಂಡದ ಚಿಗುರು ಮರವಾಗುತ್ತದೆ, ಮಗ್ಗುಲ ಕೊಂಬೆಯ ಚಿಗುರು ಎಲ್ಲಿಗೆ ಕಟ್ಟಿದರೂ ತಾನು ಕೊಂಬೆಯೆಂದೇ ತಿಳಿದು ಅಡ್ಡಕ್ಕೆ ಬೆಳೆಯುತ್ತದೆ. ಬೇಕಾದದ್ದು ತುದಿಯ ಚಿಗುರು. ತುದಿಗೆ ಹೋಗಬೇಕಾದರೆ ಮರ ಹತ್ತಬೇಕು.

ಊರಿನಲ್ಲಿ ಹತ್ತಲು ಯಾರೂ ಬರಲಿಲ್ಲ. ಭಟ್ಕಳದಿಂದ ತೆಂಗಿನಮರ ಹತ್ತುವ ಒಬ್ಬರನ್ನು ಕರೆದುಕೊಂಡು ಹೋದೆ. ಅವರಿಗೆ ಕಥೆ ಗೊತ್ತಿರಲಿಲ್ಲ. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮರದ ಬುಡಕ್ಕೆ ಕೈಮುಗಿದರು. ಅಷ್ಟರಲ್ಲಿ ಅಮ್ಮ ಮನೆಯೊಳಗಿಂದ ಬಂದರು.

"ಹತ್ತೂದು ಬೇಡ."

"ಅಮ್ಮ, ಮಳೆ ಇಲ್ಲ. ಮರ ಒಣಗಿದೆ. ಇವರು ದಿನಾ ಹತ್ತುವವರು."

"ಅವ್ಳೂ ದಿನಾ ಹತ್ತೂ ಹುಡುಗೀನೇಯ." ಅಮ್ಮ ಮರದ ಮುಂದೆ ಬಂದು ನಿಂತರು. ಗಂಡನ ಕೊಡಲಿಯ ಮುಂದೆಯೂ ಹೀಗೇ ನಿಂತಿರಬೇಕು. "ಕೈಗೆ ಎಟುಕಿದ್ದು ಎಷ್ಟು ಬೇಕಾರೂ ತಕೊ ಮಗಾ. ನಾ ಬೇಡ ಅಂಬೂದಿಲ್ಲ. ಆದ್ರೆ ನೆಲದ ಮೇಲೆ ನಿಂತು ತಕೊ. ಈ ಮರಕ್ಕೆ ಮತ್ತೆ ಯಾರೂ ಹತ್ತೂದು ಬೇಡ. ಆತಾ?"

ಹತ್ತಲು ಬಂದವರು ಕಾಲಿನ ಹಗ್ಗ ಬಿಚ್ಚಿದರು. ನಾನು ಮೇಲೆ ನೋಡಿದೆ. ತುದಿ ಆಗಲೇ ಬೋಳಾಗಲು ಶುರುವಾಗಿತ್ತು, ಎಲೆ ಕಡಿಮೆಯಾಗಿ ಆಕಾಶ ಕಾಣುತ್ತಿತ್ತು. ಗಾಯದೊಳಗಿನ ಕೊಳೆ ಮರವನ್ನು ಬಹಳ ದಿನ ಬಿಡುವುದಿಲ್ಲ ಎಂಬುದು ನನಗೆ ಆ ಕ್ಷಣ ಖಚಿತವಾಯಿತು. ಮಗ್ಗುಲ ಕೊಂಬೆಯ ಕಡ್ಡಿ ಬೇಡವೆಂದು ಮುಖ್ಯಸ್ಥರು ಹೇಳಿದ್ದರು. ಅವರ ಮಾತಿಗೆ ನಿಂತರೆ ಬರಿಗೈಲಿ ಹೋಗಬೇಕು, ಮರ ಸತ್ತ ಮೇಲೆ ಯಾರಿಗೂ ಏನೂ ತಿಳಿಯುವುದಿಲ್ಲ.

"ಆತು ಅಮ್ಮ" ಎಂದೆ. ಆ ಒಂದು ಮಾತಿನಿಂದ ಮುಂದಿನ ಎಷ್ಟೋ ವರ್ಷಗಳ ಕೆಲಸ ನಿಶ್ಚಯವಾಯಿತು.

ಕೈಗೆಟುಕುವ ಕೊಂಬೆಗಳಲ್ಲಿ ಆರಿಸಿದ ಚಿಗುರುಗಳ ಎಲೆಯನ್ನು, ತೊಟ್ಟು ಮಾತ್ರ ಉಳಿಸಿ, ಅವತ್ತೇ ಸವರಿದೆ. ಹೀಗೆ ಮಾಡಿ ಕೆಲವು ದಿನ ಬಿಟ್ಟರೆ ತುದಿಮೊಗ್ಗು ಉಬ್ಬಿ ಕಸಿಗೆ ಹದವಾಗುತ್ತದೆ. ಮತ್ತೆ ಹೋಗಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯೊಳಗೆ ಇಟ್ಟು ಬಸ್ಸು ಹತ್ತಿದೆ. ನರ್ಸರಿಯಲ್ಲಿ ಬೀಜದಿಂದ ಎಬ್ಬಿಸಿದ ಸಸಿಗಳು ಪೆನ್ಸಿಲ್ ದಪ್ಪಕ್ಕೆ ಬಂದು ಕಾಯುತ್ತಿದ್ದವು. ಸಸಿಯ ತಲೆ ಕತ್ತರಿಸಿ ನಡುವೆ ಸೀಳಬೇಕು. ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಆ ಸೀಳಿನಲ್ಲಿ ಇಳಿಸಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಐಸ್‌ಕ್ಯಾಂಡಿಯ ಕೊಳವೆ ಮುಚ್ಚಬೇಕು. ಮುರುಗಲಿನ ತೊಂದರೆಯೆಂದರೆ ಕತ್ತರಿಸಿದ ಕೂಡಲೇ ಹಳದಿ ಹಾಲು ಉಕ್ಕುತ್ತದೆ. ಚಾಕು ಪ್ರತಿ ಸಲ ಒರೆಸದಿದ್ದರೆ ಹಾಲು ಗಟ್ಟಿಯಾಗಿ, ಕಡ್ಡಿಗೂ ಸಸಿಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ.

ಮೊದಲ ಸಲ ಕಟ್ಟಿದ್ದರಲ್ಲಿ ಬಹುಪಾಲು ಕೊಳವೆಯೊಳಗೇ ಕಪ್ಪಾದವು. ಮುಂದಿನ ಸಲ ಬದುಕಿದ್ದನ್ನು ಮಳೆಗಾಲದ ಬೂಷ್ಟು ತಿಂದಿತು. ಮಾವಳ್ಳಿಯ ಕಡ್ಡಿಗಳು ಪಕ್ಕದ ಸಾಲಿನಲ್ಲೇ ಸಲೀಸಾಗಿ ಚಿಗುರುತ್ತಿದ್ದವು. ಮುಟ್ಟಳ್ಳಿಯವು ಮಾತ್ರ ಹಿಡಿಯುತ್ತಿರಲಿಲ್ಲ. ಸೊರಗಿದ ಮರದ ಕಡ್ಡಿಯಲ್ಲಿ ಕಸುವು ಇರುವುದಿಲ್ಲ, ಅಷ್ಟೇ. ಆದರೆ ನರ್ಸರಿಯ ಹೆಂಗಸರು ಆ ಸಾಲಿಗೆ ನೀರು ಹಾಕುವಾಗ ಮಾತು ನಿಲ್ಲಿಸುತ್ತಿದ್ದರು. ಕಥೆ ಅವರಿಗೂ ಮುಟ್ಟಿತ್ತು. ಒಬ್ಬರು ನನ್ನನ್ನು ಕೇಳಿಯೂ ಬಿಟ್ಟರು. "ಆ ಹುಡುಗಿಗೆ ಮನಸ್ಸಿಲ್ಲ ಕಾಣ್ತದೆ. ಬಿಡೂಕಾಗೂದಿಲ್ಲಾ?"

ನಾನು ಬಿಡಲಿಲ್ಲ. ಮೂರನೆಯ ಸಲ ಚಳಿಗಾಲ ಮುಗಿಯುವ ಹೊತ್ತಿಗೆ, ಬಿಳಿ ದಾರದ ಮಗ್ಗುಲಿನಿಂದ ಹೆಚ್ಚು, ಕೆಂಪು ದಾರದ ಮಗ್ಗುಲಿನಿಂದಲೂ ಕೆಲವು ತಂದು ಕಟ್ಟಿದೆ. ಒಂದಷ್ಟು ಹಿಡಿದವು. ಆ ಮಳೆಗಾಲದಲ್ಲೇ ಮುಟ್ಟಳ್ಳಿಯ ಮರ ಗಾಯದ ಹತ್ತಿರ ಮುರಿದು ಬಿತ್ತು. ಗಾಳಿಯೂ ಹೇಳಿಕೊಳ್ಳುವಂಥದ್ದಲ್ಲವಂತೆ. ಸುದ್ದಿ ಕೇಳಿ ಹೋದಾಗ ಅಮ್ಮ ಹಿತ್ತಲಿನಲ್ಲೇ ಕುಳಿತಿದ್ದರು. ಅವರ ಗಂಡ ಅಂದು ಜಗಲಿಯಲ್ಲಿ ಕಾಯಿ ಸುಲಿಯುತ್ತಿರಲಿಲ್ಲ. ಮೊದಲ ಬಾರಿಗೆ ಹಿತ್ತಲ ಕಡೆ ಮುಖ ಮಾಡಿ ಕುಳಿತಿದ್ದರು. ನೋಡಲು ಅಲ್ಲೇನೂ ಇರಲಿಲ್ಲ.

"ನಿನ್ನ ಹತ್ರ ಇದ್ದದ್ದು ಬದುಕಿ ಅದ್ಯಾ?" ಎಂದು ಅಮ್ಮ ಕೇಳಿದರು.

"ಇದೆ ಅಮ್ಮ."

"ಹಣ್ಣಾದ್ರೆ ಹೇಳು."

ಕಸಿ ಗಿಡಗಳನ್ನು ಹೊಲಕ್ಕೆ ನೆಟ್ಟೆವು. ಮುಖ್ಯಸ್ಥರು ಹೇಳಿದಂತೆಯೇ ಆಯಿತು. ಮಾವಳ್ಳಿಯವು ನೆಟ್ಟಗೆ ಎದ್ದು ನಿಂತವು. ಮುಟ್ಟಳ್ಳಿಯವು ಮೇಲೆ ಏಳಲೇ ಇಲ್ಲ. ಕೋಲು ಕಟ್ಟಿ ನಿಲ್ಲಿಸಿದರೆ ಕೋಲಿನ ತುದಿಯಿಂದ ಮತ್ತೆ ಅಡ್ಡಕ್ಕೆ ಬಾಗಿದವು. ಸೊಂಟದೆತ್ತರದಲ್ಲಿ ಕೊಡೆ ಬಿಚ್ಚಿದಂತೆ ಹರಡಿದವು. "ಅಲ್ರೀ, ಇದು ಮರ ಏನ್ರಿ? ನನ್ನ ಸ್ಟ್ರಾಬೆರಿನೇ ಇದಕ್ಕಿಂತ ಎತ್ತರ ಇತ್ತು" ಎಂದು ಮುಖ್ಯಸ್ಥರು ನಕ್ಕರು. ಕಿತ್ತುಹಾಕಿ ಎನ್ನಲಿಲ್ಲ. ಅವರಿಗೂ ಉತ್ತರ ಬೇಕಾಗಿತ್ತು ಎಂದು ಕಾಣುತ್ತದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮುಖ್ಯಸ್ಥರ ನಿವೃತ್ತಿ ಹತ್ತಿರ ಬಂದಿತ್ತು. ಒಂದು ಚಳಿಗಾಲ ಕಸಿಗಳಲ್ಲಿ ಹೂ ಕಂಡಿತು. ಕಾಯಿ ಕಟ್ಟಿತು. ಏಪ್ರಿಲ್ ಬಂದಾಗ ನಾನು ಬೆಳಿಗ್ಗೆ ಎದ್ದ ಕೂಡಲೇ ಆ ಸಾಲಿಗೆ ಹೋಗಿ ನಿಲ್ಲುತ್ತಿದ್ದೆ. ಕಾಯಿ ಹಸಿರು. ಏಪ್ರಿಲ್ ಮುಗಿಯಿತು, ಹಸಿರು. ಕೆಂಪು ದಾರದ ಮಗ್ಗುಲಿನಿಂದ ಬಂದ ಕಸಿಯಲ್ಲೂ, ಬಿಳಿ ದಾರದ ಮಗ್ಗುಲಿನಿಂದ ಬಂದ ಕಸಿಯಲ್ಲೂ ಒಂದೇ ಹಸಿರು. ಮೇ ನಡುವಿಗೆ ಮಾವಳ್ಳಿಯ ಮರಗಳು ಕೆಂಪಾದವು. ನನ್ನ ಸಾಲು ಆಮೇಲೆ, ಊರಿನ ಎಲ್ಲ ಮರಗಳ ಜೊತೆಗೆ, ಮೋಡ ಕಟ್ಟುವ ಹೊತ್ತಿಗೆ ಬಣ್ಣ ತಿರುಗಿತು.

ಮುಖ್ಯಸ್ಥರು ಒಂದು ಹಣ್ಣು ಕಿತ್ತು ಒಡೆದರು. ಸಿಪ್ಪೆ ದಪ್ಪವಿತ್ತು, ಬಣ್ಣ ಗಾಢವಾಗಿತ್ತು. "ಗುಣ ಇರಲಿಲ್ಲ. ಗಾಯನೇ" ಎಂದರು. ಗೆದ್ದ ದನಿಯಲ್ಲಿ ಹೇಳಲಿಲ್ಲ. ಇಲಾಖೆಗೆ ಹೋದ ವರದಿಯಲ್ಲಿ ಮಾವಳ್ಳಿಯ ಮರಕ್ಕೆ ಶಿಫಾರಸು ಸಿಕ್ಕಿತು. ಮುಟ್ಟಳ್ಳಿಯದ್ದಕ್ಕೆ ಒಂದೇ ಸಾಲು: ಬೇಗ ಹಣ್ಣಾಗುವ ಗುಣ ಕಸಿಯಲ್ಲಿ ಕಂಡುಬಂದಿಲ್ಲ.

ಅಮ್ಮನಿಗೆ ಹೇಳಬೇಕಿತ್ತು. ಹೇಗೆ ಹೇಳುವುದು? ಮಗಳು ಬೇಗ ಹಣ್ಣು ಮಾಡುತ್ತಾಳೆ ಎಂಬ ಒಂದೇ ನಂಬಿಕೆಯ ಮೇಲೆ ಅವರು ಇಷ್ಟು ವರ್ಷ ಆ ನೆಲ ಗುಡಿಸಿದ್ದರು. ಅದು ಮಗಳಲ್ಲ, ನಿಮ್ಮ ಗಂಡನ ಕೊಡಲಿ ಎಂದು ಯಾವ ಬಾಯಲ್ಲಿ ಹೇಳಲಿ? ಅದೂ ಅವರ ಗಂಡನಿಗೆ ಕೇಳಿಸುವಂತೆ? ಹೇಳದೇ ಇರಬಹುದಿತ್ತು. ಆದರೆ ಹಣ್ಣಾದರೆ ಹೇಳು ಎಂದಿದ್ದರು. ನರ್ಸರಿಯ ಜೀಪು ಭಟ್ಕಳಕ್ಕೆ ಹೋಗುವ ದಿನ ಹೇಳಿ ಕಳಿಸಿದೆ.

ಇಬ್ಬರೂ ಬಂದರು. ಗಂಡ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಹಿಂದಿನ ದಿನ ಮಳೆ ಬಂದು ಹೋಗಿತ್ತು. ಅಂದೂ ಹನಿಯುತ್ತಿತ್ತು. ಸಾಲಿನ ಹತ್ತಿರ ಕರೆದುಕೊಂಡು ಹೋದೆ.

"ಇದೇಯಾ?" ಎಂದರು ಅಮ್ಮ. ಅವರಿಗಿಂತ ತುಸುವೇ ಎತ್ತರದ ಗಿಡ, ಸುತ್ತ ನೆಲಕ್ಕೆ ತಾಗುವಂತೆ ಬಾಗಿದ ಕೊಂಬೆ, ತುಂಬ ಹಣ್ಣು.

"ಇದೇ ಅಮ್ಮ. ಆದರೆ ಇದು ಬೇಗ ಹಣ್ಣಾಗಲಿಲ್ಲ. ಎಲ್ಲ ಮರದ ಹಾಗೇ ಈಗ ಆಯಿತು. ಮಳೆಯಲ್ಲೇ." ಮುಂದಿನದನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಗಂಡ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಕೊಂಬೆಗಳನ್ನು ಸರಿಸಿ ಕಾಂಡದ ಸುತ್ತ ಅಂಗೈ ಆಡಿಸಿದರು. ಒಂದು ಸುತ್ತು, ನಿಧಾನವಾಗಿ ಇನ್ನೊಂದು ಸುತ್ತು. ತೊಗಟೆ ಎಲ್ಲ ಕಡೆಯೂ ನುಣುಪಾಗಿತ್ತು. ಅವರು ನನ್ನ ಮುಖ ನೋಡಿದರು.

"ಗಾಯ ಕಸಿಯಲ್ಲಿ ಬರುವುದಿಲ್ಲ" ಎಂದೆ.

ಅವರಿಗೆ ಅರ್ಥವಾಯಿತು. ಅಮ್ಮನಿಗೂ ಆಯಿತು. ಅಮ್ಮ ಒಂದು ಕೈಯಲ್ಲಿ ಕೊಂಬೆ ಹಿಡಿದರು. ಅಳುತ್ತಾರೆ ಎಂದುಕೊಂಡೆ.

"ಹಂಗಾದ್ರೆ ಇದು ಅವ್ಳು ಇದ್ದಾಗಿನ ಮರ" ಎಂದರು.

ಗಂಡ ತಲೆಯಾಡಿಸಿದರು. ಕುಳಿತಲ್ಲಿಂದ ಏಳಲಿಲ್ಲ.

ಆಮೇಲೆ ಅಮ್ಮ ಹಣ್ಣು ಕೊಯ್ಯತೊಡಗಿದರು. ನೆಲದ ಮೇಲೆ ನಿಂತು, ಹನಿಮಳೆಯಲ್ಲಿ, ಸುತ್ತು ಬರುತ್ತ ಕೊಯ್ದರು. ತುದಿಯ ಹಣ್ಣೂ ಕೈಗೆ ಸಿಗುತ್ತಿತ್ತು. ಇಷ್ಟು ವರ್ಷ ನಾನು ಆ ಗಿಡಗಳನ್ನು ನೋಡಿ ದೋಷ ಎಂದೇ ತಿಳಿದಿದ್ದೆ. ಮಳೆ ಬರುವುದರೊಳಗೆ ಹಣ್ಣಾಗಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಮಳೆಯಲ್ಲೇ ಹಣ್ಣಾದರೂ ಯಾರೂ ಹತ್ತಬೇಕಾಗಿಲ್ಲದ ಮರ ಕಣ್ಣೆದುರಿಗಿದ್ದರೂ ಕಂಡಿರಲಿಲ್ಲ. ಸಿಪ್ಪೆ ಒಣಗಿಸುವ ಕಷ್ಟ ಇದರಿಂದ ತೀರುವುದಿಲ್ಲ, ಅದಕ್ಕೆ ಹೊಗೆಗೂಡೋ ಬೇರೇನೋ ಬೇಕು. ಮುಂದಿನ ವರ್ಷಗಳಲ್ಲಿ ಶಿಫಾರಸಿನ ಮಾವಳ್ಳಿ ಗಿಡ ಒಯ್ಯಲು ಬಂದ ಎಷ್ಟೋ ರೈತರು ಈ ಕುಳ್ಳು ಗಿಡ ನೋಡಿ ಇದನ್ನೂ ಕೇಳಿ ಒಯ್ದರು.

ಅಮ್ಮ ಒಂದು ಹಣ್ಣು ಹಿಸುಕಿ ಬಾಯಿಗೆ ಹಾಕಿಕೊಂಡರು. ಹುಳಿಗೆ ಕಣ್ಣು ಮುಚ್ಚಿದರು. ಗಂಡನಿಗೂ ಒಂದು ಕೊಟ್ಟರು. ಅವರು ಅದನ್ನು ತಿನ್ನಲಿಲ್ಲ, ಕೈಯಲ್ಲೇ ಹಿಡಿದುಕೊಂಡು, ನನ್ನೊಡನೆ ಮೊದಲ ಸಲ ಮಾತಾಡಿದರು. "ಒಂದು ಗಿಡ ಕೊಡ್ತ್ರಾ?"

ಅದೇ ಸಾಲಿನಿಂದ ಕಟ್ಟಿದ ಒಂದು ಎಳೆಯ ಕಸಿಯನ್ನು ಕೊಟ್ಟೆ. ಜೀಪು ಬೇರೆ ಕಡೆ ಹೋಗಿದ್ದರಿಂದ ಭಟ್ಕಳದ ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸು ತುಂಬಿತ್ತು. ಮಣ್ಣಿನ ಚೀಲದ ಗಿಡ ನೋಡಿ ಕಂಡಕ್ಟರು, "ಅಮ್ಮಾ, ಅದನ್ನ ಮೇಲೆ ಹಾಕಿ, ಕ್ಯಾರಿಯರ್ ಮೇಲೆ" ಎಂದರು. ಗಂಡ ಗಿಡ ಎತ್ತಿ ಏಣಿಯ ಕಡೆ ತಿರುಗಿದರು. ಅಮ್ಮ ಅವರ ಕೈಯಿಂದ ಗಿಡ ತೆಗೆದುಕೊಂಡು ಎದೆಗವಚಿ ಒಳಗೆ ಹತ್ತಿದರು.

"ಮೇಲೆ ಬೇಡ, ಬೀಳ್ತದೆ" ಎಂದರು. "ಕೆಳಗೇ ಇರ್ಲಿ. ನಾ ಹಿಡ್ಕಂಡಿರ್ತೆ."